ಗೇಲಿಯ ಮಾತು ರೋಗದ ಹೆಸರಾದ ಬಗೆ

ರೋಗಗಳಿಗೆ ಹೆಸರು ಬರುವ ದಾರಿಗಳು ಹಲವು. ಪಾರ್ಕಿನ್ಸನ್, ಆಲ್ಝೈಮರ್ ಎಂಬವು ಆಯಾ ರೋಗವನ್ನು ವಿವರಿಸಿದ ವೈದ್ಯರ ಹೆಸರುಗಳು. ಶಿವಮೊಗ್ಗ ಸೀಮೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಜ್ವರಕ್ಕೆ ವಿಜ್ಞಾನಿಗಳು ಆ ಕಾಡಿನ ಹೆಸರಿಟ್ಟರು. ಮಂಗಗಳು ಸತ್ತು ಬೀಳುವುದನ್ನು ಕಣ್ಣಾರೆ ಕಂಡಿದ್ದ ಜನ ಅದನ್ನು ಮಂಗನ ಕಾಯಿಲೆ ಎಂದರು. ಆದರೆ ನೋಡುವವರ ನಗೆಯಿಂದ ಹೆಸರು ಪಡೆದ ರೋಗವೂ ಒಂದಿದೆ. ಕಳೆದ ಶತಮಾನದ ಆದಿಭಾಗದಲ್ಲಿ ಅಮೆರಿಕದ ಬಾಕ್ಸಿಂಗ್ ಅಂಕಣಗಳ ಸುತ್ತ ಕುಳಿತವರು, ಮಾತು ತೊದಲುವ, ಹೆಜ್ಜೆ ತಪ್ಪುವ ಹಳೆಯ ಮುಷ್ಟಿಮಲ್ಲನನ್ನು ಕಂಡು ‘ಪಂಚ್ ಡ್ರಂಕ್’ ಎನ್ನುತ್ತಿದ್ದರು. ಗುದ್ದಿನ ಅಮಲೇರಿದವನು ಎಂದು ಅದರ ಅರ್ಥ. ಹೆಂಡ ಮುಟ್ಟದೆಯೂ ತೂರಾಡುವವನನ್ನು ಕುರಿತ ಆ ಕುಹಕ ಎರಡು ಪದಗಳಲ್ಲಿ ರೋಗದ ಲಕ್ಷಣವನ್ನೂ ಕಾರಣವನ್ನೂ ಹೇಳಿಬಿಟ್ಟಿತ್ತು. ವೈದ್ಯಶಾಸ್ತ್ರ ಅದನ್ನು ಒಪ್ಪಿಕೊಳ್ಳಲು ಸುಮಾರು ಒಂದು ಶತಮಾನ ಹಿಡಿಯಿತು. ಆ ಶತಮಾನದ ಕಥೆಯನ್ನು ಈ ಲೇಖನದಲ್ಲಿ ಅವಲೋಕಿಸಲು ಬಯಸುತ್ತೇವೆ. ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ವೈದ್ಯಚರಿತ್ರೆಗೇನು ಕೆಲಸವೆಂದು ಕೇಳುವವರಿದ್ದಾರು. ಯಾರ ಮಾತನ್ನು ಸಾಕ್ಷಿಯೆಂದು ಎಣಿಸಬೇಕು ಎಂಬ ಪ್ರಶ್ನೆ ಈ ಚರಿತ್ರೆಯ ನಡುಮಧ್ಯದಲ್ಲಿದೆ. ಗಡಿನಾಡಿನ ನಮಗೆ ಆ ಪ್ರಶ್ನೆ ಅಪರಿಚಿತವಲ್ಲ.

1928ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ‘ಪಂಚ್ ಡ್ರಂಕ್’ ಎಂಬ ಶೀರ್ಷಿಕೆಯನ್ನೇ ಹೊತ್ತ ಪ್ರಬಂಧವೊಂದು ಪ್ರಕಟವಾಯಿತು. ಬರೆದವರು ಹ್ಯಾರಿಸನ್ ಮಾರ್ಟ್‌ಲ್ಯಾಂಡ್, ನ್ಯೂಜೆರ್ಸಿ ರಾಜ್ಯದ ಎಸೆಕ್ಸ್ ಕೌಂಟಿಯಲ್ಲಿ ಸಾವಿನ ಕಾರಣಗಳನ್ನು ವಿಚಾರಿಸುವ ಮುಖ್ಯ ವೈದ್ಯಾಧಿಕಾರಿ. ದುಡಿಯುವವರ ದೇಹದಲ್ಲಿ ಹುದುಗಿದ ಸಾಕ್ಷ್ಯವನ್ನು ಓದುವುದು ಅವರಿಗೆ ಹೊಸದಾಗಿರಲಿಲ್ಲ. ಗಡಿಯಾರದ ಮುಖಗಳಿಗೆ ಹೊಳೆಯುವ ರೇಡಿಯಂ ಬಣ್ಣ ಬಳಿಯುತ್ತ, ಕುಂಚದ ಮೊನೆಯನ್ನು ತುಟಿಯಿಂದ ಚೂಪುಮಾಡಿಕೊಳ್ಳುತ್ತಿದ್ದ ಹೆಣ್ಣುಮಕ್ಕಳ ಕಾಯಿಲೆಗೆ ಆ ಬಣ್ಣವೇ ಕಾರಣವೆಂದು 1925ರಲ್ಲಿ ತೋರಿಸಿಕೊಟ್ಟವರಲ್ಲಿ ಅವರೂ ಒಬ್ಬರು. ಬಾಕ್ಸಿಂಗ್ ಪ್ರೇಕ್ಷಕರಿಗೂ ಪಂದ್ಯ ಏರ್ಪಡಿಸುವವರಿಗೂ ಬಹುಕಾಲದಿಂದ ಗೊತ್ತಿರುವ ಸ್ಥಿತಿಯೊಂದು ವೈದ್ಯರ ಗಮನಕ್ಕೆ ಬಾರದೆ ಉಳಿದಿದೆ ಎಂಬುದನ್ನು ಅವರು ಮುಚ್ಚುಮರೆಯಿಲ್ಲದೆ ಬರೆದರು. ಪಂದ್ಯ ಏರ್ಪಡಿಸುವವನೊಬ್ಬ ಅಂಥ 23 ಮಂದಿಯ ಪಟ್ಟಿಯನ್ನೇ ಅವರಿಗೆ ಕೊಟ್ಟಿದ್ದ. ಮೊದಲು ಹೆಜ್ಜೆಯಲ್ಲಿ ಸಣ್ಣ ಅಸ್ಥಿರತೆ, ಮಾತಿನಲ್ಲಿ ಮಂದಗತಿ, ಬಳಿಕ ಕೈನಡುಕ, ಕಾಲೆಳೆತ, ಕೊನೆಗೆ ಬುದ್ಧಿಯ ಕ್ಷಯ: ಹೀಗೆ ಲಕ್ಷಣಗಳನ್ನು ಅವರು ಕ್ರಮವಾಗಿ ದಾಖಲಿಸಿದರು. ತಲೆಗೆ ಪೆಟ್ಟು ಬಿದ್ದು ಸತ್ತವರ ಶವಪರೀಕ್ಷೆಯ ಅನುಭವದಿಂದ, ಮಿದುಳಿನೊಳಗೆ ಆಗುವ ಸಣ್ಣ ಸಣ್ಣ ರಕ್ತಸ್ರಾವಗಳೇ ಇದಕ್ಕೆ ಕಾರಣವಿರಬೇಕೆಂದು ತರ್ಕಿಸಿದರು. ಆ ತರ್ಕ ಮುಂದೆ ಪೂರ್ತಿಯಾಗಿ ನಿಲ್ಲಲಿಲ್ಲ. ಆದರೆ ಅಂಕಣದ ಸುತ್ತಲಿನ ಆಡುಮಾತನ್ನು ಆಧಾರವೆಂದು ಸ್ವೀಕರಿಸಿದ ಅವರ ವಿವೇಕ ಇಂದಿಗೂ ಮಾನ್ಯ.

ಆಡುಮಾತು ವಿದ್ವತ್ತಿನ ಮನೆಗೆ ಬಂದಾಗ ಮೊದಲು ಅದರ ಉಡುಪು ಬದಲಾಗುತ್ತದೆ. 1937ರಲ್ಲಿ ಅಮೆರಿಕದ ನೌಕಾಪಡೆಯ ವೈದ್ಯ ಮಿಲ್‌ಸ್ಪಾ ಇದನ್ನು ‘ಡಿಮೆನ್ಷಿಯಾ ಪ್ಯೂಜಿಲಿಸ್ಟಿಕಾ’ ಎಂದು ಲ್ಯಾಟಿನ್ನಿನಲ್ಲಿ ಕರೆದರು; ಮುಷ್ಟಿಮಲ್ಲರ ಮರೆಗುಳಿತನ ಎಂದು ಅದನ್ನು ಕನ್ನಡಿಸಬಹುದು. 1949ರಲ್ಲಿ ಲಂಡನ್ನಿನ ನರರೋಗತಜ್ಞ ಮ್ಯಾಕ್ಡೊನಾಲ್ಡ್ ಕ್ರಿಚ್ಲಿ ತಮ್ಮ ಬರಹದಲ್ಲಿ ‘ಕ್ರಾನಿಕ್ ಟ್ರಾಮ್ಯಾಟಿಕ್ ಎನ್ಸೆಫಲೋಪತಿ’ ಎಂಬ ಹೆಸರನ್ನು ಬಳಸಿದರು. ಪೆಟ್ಟಿನಿಂದ ಉಂಟಾಗಿ ದೀರ್ಘಕಾಲ ಬೆಳೆಯುವ ಮಿದುಳುರೋಗ ಎಂಬುದು ಅದರ ತಾತ್ಪರ್ಯ, ಇಂದು ಸಿ.ಟಿ.ಇ. ಎಂಬ ಮೂರಕ್ಷರಗಳಲ್ಲಿ ಅದು ಪ್ರಸಿದ್ಧ. 1957ರಲ್ಲಿ ಅವರೇ 69 ಬಾಕ್ಸರುಗಳ ವಿವರಗಳನ್ನು ಕಲೆಹಾಕಿ ಪ್ರಕಟಿಸಿದರು. ಹೊಸ ಹೆಸರುಗಳಿಂದ ಒಂದು ಲಾಭವಾಯಿತು, ನಗೆ ನಿಂತಿತು. ಒಂದು ನಷ್ಟವೂ ಆಯಿತು. ರೋಗಕ್ಕೆ ಬಾಕ್ಸರ್ ಎಂಬ ಜಾತಿ ಅಂಟಿತು. ಅಂಕಣದ ಹಗ್ಗದಾಚೆ ಇದು ಇರಲಾರದೆಂಬ ನಂಬಿಕೆ ಮುಂದಿನ ಅರ್ಧ ಶತಮಾನ ಗಟ್ಟಿಯಾಗಿ ಕುಳಿತಿತು.

ಕಂಡವರನ್ನಷ್ಟೇ ಎಣಿಸಿದರೆ ಸತ್ಯ ಹಿಗ್ಗಬಹುದು, ಕುಗ್ಗಲೂಬಹುದು. ಇದನ್ನು ಅರಿತು ಮುಂದಿನ ಹೆಜ್ಜೆಯಿಟ್ಟವರು ಬ್ರಿಟನ್ನಿನ ಎ. ಎಚ್. ರಾಬರ್ಟ್ಸ್. 1929ರಿಂದ 1955ರವರೆಗೆ ಪರವಾನಗಿ ಪಡೆದು ಆಡಿದ್ದ ವೃತ್ತಿಪರ ಬಾಕ್ಸರುಗಳ ದಾಖಲೆಯಿಂದ 250 ಹೆಸರುಗಳನ್ನು ಚೀಟಿ ಎತ್ತಿದಂತೆ ಆರಿಸಿ, ಅವರಲ್ಲಿ 224 ಮಂದಿಯನ್ನು ಪತ್ತೆಮಾಡಿ ಪರೀಕ್ಷಿಸಿದರು. 37 ಮಂದಿಯಲ್ಲಿ, ಎಂದರೆ ಆರರಲ್ಲಿ ಒಬ್ಬರಲ್ಲಿ, ರೋಗದ ಗುರುತುಗಳಿದ್ದವು. ಹೆಚ್ಚು ವರ್ಷ ಆಡಿದವರಲ್ಲಿ, ಹೆಚ್ಚು ಪಂದ್ಯ ಕಂಡವರಲ್ಲಿ ಅದು ಹೆಚ್ಚಾಗಿತ್ತು. 1969ರಲ್ಲಿ ಈ ವರದಿ ಹೊರಬಂದ ಮೇಲೆ ಕೆಲವು ಅಶಕ್ತರ ದುರದೃಷ್ಟವೆಂದು ಇದನ್ನು ತಳ್ಳಿಹಾಕುವುದು ಕಷ್ಟವಾಯಿತು. 1970ರಲ್ಲಿ ಸ್ವೀಡನ್ ವೃತ್ತಿಪರ ಬಾಕ್ಸಿಂಗನ್ನು ನಿಷೇಧಿಸಿತು. 1981ರಲ್ಲಿ ನಾರ್ವೆಯೂ ಅದೇ ದಾರಿ ಹಿಡಿಯಿತು.

ಆದರೂ ಮಿದುಳಿನೊಳಗೆ ಏನಾಗುತ್ತದೆಂಬುದು ಬಗೆಹರಿದಿರಲಿಲ್ಲ. ಅದಕ್ಕೆ ಮಿದುಳನ್ನೇ ನೋಡಬೇಕಿತ್ತು. ಇಂಗ್ಲೆಂಡಿನ ರನ್‌ವೆಲ್ ಆಸ್ಪತ್ರೆಯಲ್ಲಿ ಜೆ. ಎ. ಎನ್. ಕೋರ್ಸೆಲಿಸ್ ಮತ್ತು ಅವರ ಸಂಗಡಿಗರು ಹದಿನೈದು ಮಂದಿ ನಿವೃತ್ತ ಬಾಕ್ಸರುಗಳ ಮಿದುಳುಗಳನ್ನು ವರ್ಷಗಟ್ಟಲೆ ಸಂಗ್ರಹಿಸಿ, 1973ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಅವರ ಕೆಲಸದಲ್ಲಿ ಎರಡು ಬಗೆಯ ಸಾಕ್ಷ್ಯ ಜೊತೆಗೂಡಿತು. ಒಂದು, ಸೂಕ್ಷ್ಮದರ್ಶಕದಲ್ಲಿ ಕಂಡದ್ದು: ಮಿದುಳಿನ ಎರಡು ಭಾಗಗಳ ನಡುವಿನ ತೆಳುಪೊರೆ ಹರಿದಿತ್ತು, ಕಿರುಮೆದುಳಿನಲ್ಲಿ ಗಾಯದ ಕಲೆಗಳಿದ್ದವು, ಚಲನೆಯನ್ನು ಹದದಲ್ಲಿಡುವ ಕಪ್ಪುಭಾಗ ಬಿಳಿಚಿತ್ತು, ನರಕೋಶಗಳ ತುಂಬ ಗಂಟುಬಿದ್ದ ಎಳೆಗಳಿದ್ದವು. ಇನ್ನೊಂದು, ಸತ್ತವರ ಬಂಧುಗಳನ್ನು ಕಂಡು ಕೇಳಿ ಬರೆದುಕೊಂಡ ಬದುಕಿನ ವೃತ್ತಾಂತ. ಮನೆಯವರು ಹೇಳಿದ ಸಿಟ್ಟು, ಮರೆವು, ಕುಡಿತ, ತೊದಲು, ಇವು ಆ ಗಂಟುಗಳ ಪಕ್ಕದಲ್ಲಿ ಕುಳಿತಾಗಲೇ ರೋಗದ ಪೂರ್ಣರೂಪ ಕಾಣಿಸಿತು.

ಇಲ್ಲಿ ರೋಗದ ಒಳಗುಟ್ಟನ್ನು ಸ್ವಲ್ಪ ವಿವರಿಸಬೇಕಾಗಿದೆ. ಮಿದುಳು ತಲೆಬುರುಡೆಯೊಳಗೆ ತೆಳುದ್ರವದಲ್ಲಿ, ಮಜ್ಜಿಗೆಯ ಗಡಿಗೆಯಲ್ಲಿ ಬೆಣ್ಣೆಮುದ್ದೆ ತೇಲುವಂತೆ ನಿಂತಿದೆ. ತಲೆ ಹಠಾತ್ತನೆ ತಿರುಗಿದಾಗ ಗಡಿಗೆ ಒಮ್ಮೆಗೆ ತಿರುಗುತ್ತದೆ, ಬೆಣ್ಣೆ ತಡವಾಗಿ ತಿರುಗುತ್ತದೆ. ಆ ವ್ಯತ್ಯಾಸದಲ್ಲಿ ಒಳಗಿನ ಎಳೆಗಳು ಜಗ್ಗುತ್ತವೆ. ಜಗ್ಗುವಿಕೆ ಹೆಚ್ಚು ಬೀಳುವುದು ಮಿದುಳಿನ ಮಡಿಕೆಗಳ ತಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತಮುತ್ತ. ನರಕೋಶದ ಉದ್ದನೆಯ ಎಳೆಗಳೊಳಗೆ ಸಾಗಾಟದ ಕೊಳವೆಗಳಿದ್ದು, ಅವನ್ನು ಬಿಗಿದು ನಿಲ್ಲಿಸುವ ಪ್ರೋಟೀನಿಗೆ ಟೌ ಎಂದು ಹೆಸರು. ಅದು ಚಪ್ಪರದ ಗಳುಗಳನ್ನು ಕಟ್ಟಿದ ಹುರಿಯಂತೆ. ಹುರಿ ಸಡಿಲಿ ಕಳಚಿದರೆ ಚಪ್ಪರ ವಾಲುತ್ತದೆ. ಕಳಚಿದ ಹುರಿ ತನ್ನಷ್ಟಕ್ಕೆ ಸುತ್ತಿಕೊಂಡು ಗಂಟಾಗಿ ದಾರಿಗೂ ಅಡ್ಡ ಬೀಳುತ್ತದೆ. ಆಲ್ಝೈಮರ್ ರೋಗದಲ್ಲೂ ಟೌ ಗಂಟುಗಳುಂಟು. ಆದರೆ ಮಡಿಕೆಯ ತಳದಲ್ಲಿ, ರಕ್ತನಾಳದ ಸುತ್ತ, ಅಲ್ಲಲ್ಲಿ ಚೆದುರಿದಂತೆ ಅವು ಕಂಡರೆ ಅದು ಪೆಟ್ಟಿನ ರುಜು. ಪರಿಣತರು 2015ರಲ್ಲಿ ಬೋಸ್ಟನ್ನಿನಲ್ಲಿ ಸಭೆ ಸೇರಿ ಈ ಗುರುತನ್ನೇ ರೋಗನಿರ್ಣಯದ ಮಾನದಂಡವೆಂದು ಒಪ್ಪಿದರು.

ಬಾಕ್ಸಿಂಗ್ ಅಂಕಣದ ಹಗ್ಗವನ್ನು ಮೊದಲು ದಾಟಿದ ಸಾಕ್ಷ್ಯಗಳಲ್ಲಿ ಒಂದು ಆಟದ ಮೈದಾನದಿಂದ ಬಂದುದಲ್ಲ, ಅಡುಗೆಮನೆಯ ಕಡೆಯಿಂದ ಬಂದುದು. 1990ರಲ್ಲಿ ಬ್ರಿಟನ್ನಿನ ‘ಲ್ಯಾನ್ಸೆಟ್’ ಪತ್ರಿಕೆ, ಗಂಡನಿಂದ ವರ್ಷಾನುಗಟ್ಟಲೆ ಹೊಡೆತ ತಿಂದ ಹೆಂಗಸೊಬ್ಬಳ ಮಿದುಳಿನಲ್ಲಿ ಬಾಕ್ಸರುಗಳಂಥದೇ ವಿಕೃತಿ ಕಂಡುದನ್ನು ವರದಿ ಮಾಡಿತು. ಅಂಕಣದಲ್ಲಿ ಗಂಟೆ ಬಾರಿಸುವವನುಂಟು, ನಡುವೆ ನಿಂತು ಬಿಡಿಸುವವನುಂಟು. ಆ ಮನೆಯಲ್ಲಿ ಯಾರೂ ಇರಲಿಲ್ಲ. ಒಂದೇ ಪ್ರಕರಣದಿಂದ ನಿಯಮ ಹೊರಡದೆಂಬುದೂ ನಿಜ. 2023ರಲ್ಲಿ ಪ್ರಕಟವಾದ, ಸಂಗಾತಿಯ ಹಿಂಸೆಗೆ ಗುರಿಯಾಗಿ ತೀರಿಕೊಂಡ ಹಲವು ಹೆಂಗಸರ ಮಿದುಳುಗಳ ಅಧ್ಯಯನದಲ್ಲಿ ಸಿ.ಟಿ.ಇ. ಕಾಣಲಿಲ್ಲ, ರಕ್ತನಾಳಗಳ ಹಾನಿ, ಮಿದುಳಿನ ಬಿಳಿಭಾಗದ ಹಾನಿ ಕಂಡವು. ಪೆಟ್ಟಿಗೆ ಮಿದುಳು ಒಂದೇ ರೀತಿ ಉತ್ತರಿಸುವುದಿಲ್ಲವೆಂಬುದು ಇದರ ಪಾಠ. ಬಾಕ್ಸರನ ಮಿದುಳಿಗೆ ಸಿಕ್ಕ ಗಮನ ಈ ಹೆಂಗಸರಿಗೆ ಸಿಗಲು ಇಷ್ಟು ತಡವಾಯಿತಲ್ಲ ಎಂಬುದು ಇನ್ನೊಂದು ಪಾಠ.

2002ನೆಯ ಇಸವಿ ಈ ಚರಿತ್ರೆಯ ತಿರುವು. ಆ ವರ್ಷದ ಜನವರಿಯಲ್ಲಿ ಇಂಗ್ಲೆಂಡಿನ ಖ್ಯಾತ ಕಾಲ್ಚೆಂಡಾಟಗಾರ ಜೆಫ್ ಆಸ್ಟಲ್ 59ನೆಯ ವಯಸ್ಸಿನಲ್ಲಿ ತೀರಿಕೊಂಡರು. ತಲೆಯಿಂದ ಚೆಂಡು ಹೊಡೆಯುವುದರಲ್ಲಿ ಅವರು ನಿಸ್ಸೀಮರು. ಸಾವಿನ ವಿಚಾರಣೆ ನಡೆಸಿದ ಅಧಿಕಾರಿ, ಭಾರವಾದ ತೊಗಲಿನ ಚೆಂಡನ್ನು ಮತ್ತೆ ಮತ್ತೆ ತಲೆಯಿಂದ ಹೊಡೆದುದರ ಫಲವಿದೆಂದು ನಿರ್ಣಯಿಸಿ, ಅದನ್ನು ‘ಕೈಗಾರಿಕಾ ರೋಗ’ದಿಂದಾದ ಸಾವೆಂದು ದಾಖಲಿಸಿದರು. ಗಣಿಯ ಧೂಳು ಕುಡಿದವನಿಗೆ ಸಲ್ಲುವ ಪದವನ್ನು ಆಟಗಾರನಿಗೆ ಸಲ್ಲಿಸಿದ ಆ ನಿರ್ಣಯ ಸಾಮಾನ್ಯವಾದುದಲ್ಲ. ಅದೇ ಸೆಪ್ಟೆಂಬರಿನಲ್ಲಿ ಅಮೆರಿಕನ್ ಫುಟ್‌ಬಾಲಿನ ವೀರನೆನಿಸಿದ್ದ ಮೈಕ್ ವೆಬ್‌ಸ್ಟರ್ 50ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪಿಟ್ಸ್‌ಬರ್ಗಿನಲ್ಲಿ ಶವಪರೀಕ್ಷೆ ನಡೆಸಿದವರು ನೈಜೀರಿಯದಿಂದ ಬಂದ ತರುಣ ವೈದ್ಯ ಬೆನೆಟ್ ಒಮಾಲು. ಮಿದುಳು ಹೊರನೋಟಕ್ಕೆ ಸಹಜವಾಗಿತ್ತು. ಅದನ್ನು ಅಲ್ಲಿಗೇ ಬಿಡದೆ, ತೆಳುಪದರಗಳಾಗಿ ಕೊಯ್ಸಿ, ಬಣ್ಣಕಟ್ಟಿಸಿ ನೋಡಿದಾಗ ಟೌ ಗಂಟುಗಳು ಕಂಡವು.

ಒಮಾಲು ಮತ್ತು ಸಂಗಡಿಗರ ಪ್ರಬಂಧ 2005ರಲ್ಲಿ ಪ್ರಕಟವಾಯಿತು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಒಕ್ಕೂಟ 1994ರಲ್ಲೇ ತಲೆಪೆಟ್ಟುಗಳ ಬಗ್ಗೆ ತನ್ನದೊಂದು ಸಮಿತಿಯನ್ನು ನೇಮಿಸಿಕೊಂಡಿತ್ತು. ಅದರ ಅಧ್ಯಕ್ಷರು ಸಂಧಿವಾತದ ತಜ್ಞರು. ಆ ಸಮಿತಿಯ ಸದಸ್ಯರು ಪ್ರಬಂಧವನ್ನು ಹಿಂತೆಗೆದುಕೊಳ್ಳಬೇಕೆಂದು ಬರೆದರು. ಅದೇ ಒಕ್ಕೂಟದ ಪಿಂಚಣಿ ಮಂಡಲಿ ವೆಬ್‌ಸ್ಟರರ ಅಂಗವಿಕಲತೆಗೆ ಫುಟ್‌ಬಾಲಿನ ತಲೆಪೆಟ್ಟುಗಳೇ ಕಾರಣವೆಂದು ಅವರು ಬದುಕಿದ್ದಾಗಲೇ ಒಪ್ಪಿ ಹಣ ಮಂಜೂರು ಮಾಡಿತ್ತು. ಒಂದು ಕೈ ಸಹಿ ಹಾಕಿದ್ದನ್ನು ಇನ್ನೊಂದು ಕೈ ಅಳಿಸಲು ಹೊರಟಂತಾಯಿತು. ಆಟಕ್ಕೂ ರೋಗಕ್ಕೂ ಸಂಬಂಧವಿದೆಯೆಂದು ಒಕ್ಕೂಟದ ಹಿರಿಯ ಅಧಿಕಾರಿಯೊಬ್ಬರು ಜನಪ್ರತಿನಿಧಿಗಳ ಮುಂದೆ ನೇರವಾಗಿ ಒಪ್ಪಿಕೊಂಡದ್ದು 2016ರಲ್ಲಿ. ಸಾವಿರಾರು ಮಾಜಿ ಆಟಗಾರರ ಮೊಕದ್ದಮೆಯಲ್ಲಿ ಒಪ್ಪಂದವೂ ಆಯಿತು. ಆದರೆ ಪರಿಹಾರಕ್ಕಾಗಿ ಬುದ್ಧಿಶಕ್ತಿಯನ್ನು ಅಳೆಯುವಾಗ, ಕಪ್ಪುವರ್ಣದ ಆಟಗಾರರು ಮೊದಲೇ ಕಡಿಮೆ ಮಟ್ಟದಲ್ಲಿದ್ದರೆಂದು ಊಹಿಸುವ ಲೆಕ್ಕಾಚಾರ ನಡೆಯುತ್ತಿತ್ತು. ಅದನ್ನು ಕೈಬಿಡುವುದಾಗಿ ಒಕ್ಕೂಟ ಹೇಳಿದ್ದು 2021ರಲ್ಲಿ. ಕಳೆದುಕೊಂಡುದನ್ನು ತೋರಿಸಬೇಕಾದರೆ ಮೊದಲು ನಿನ್ನಲ್ಲಿ ಇತ್ತೆಂದು ತೋರಿಸು ಎನ್ನುವ ನ್ಯಾಯವಿದು.

ಈ ನಡುವೆ ಬೋಸ್ಟನ್ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಈ ರೋಗಕ್ಕಾಗಿಯೇ ಕೇಂದ್ರವೊಂದು ಸ್ಥಾಪನೆಯಾಗಿ, ಆನ್ ಮೆಕೀ ಅವರ ನೇತೃತ್ವದಲ್ಲಿ ದಾನವಾಗಿ ಬಂದ ಮಿದುಳುಗಳ ಪರೀಕ್ಷೆ ನಡೆಯಿತು. 2011ರಲ್ಲಿ ಡೇವ್ ಡ್ಯೂರ್ಸನ್ ಎಂಬ ಮಾಜಿ ಆಟಗಾರ, ತನ್ನ ಮಿದುಳನ್ನು ಪರೀಕ್ಷೆಗೆ ಕೊಡಬೇಕೆಂದು ಬರೆದಿಟ್ಟು ಪ್ರಾಣ ಬಿಟ್ಟರು. ತನ್ನೊಳಗೆ ಏನೋ ಕೆಟ್ಟಿದೆಯೆಂದು ಅರಿತಿದ್ದ ಅವರ ಸಂಶಯವನ್ನು ಪರೀಕ್ಷೆ ದೃಢಪಡಿಸಿತು. 2017ರಲ್ಲಿ ಪ್ರಕಟವಾದ ವರದಿಯಲ್ಲಿ 202 ಫುಟ್‌ಬಾಲ್ ಆಟಗಾರರ ಪೈಕಿ 177 ಮಂದಿಯಲ್ಲಿ, ವೃತ್ತಿಪರ ಒಕ್ಕೂಟದಲ್ಲಿ ಆಡಿದ 111 ಮಂದಿಯ ಪೈಕಿ 110 ಮಂದಿಯಲ್ಲಿ ರೋಗ ಕಂಡಿತ್ತು. ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಜೀವಂತವಿದ್ದಾಗ ತೊಂದರೆ ಕಂಡ ಮನೆಯವರೇ ಹೆಚ್ಚಾಗಿ ಮಿದುಳನ್ನು ದಾನ ಮಾಡುತ್ತಾರೆ. ಆದುದರಿಂದ ಎಲ್ಲ ಆಟಗಾರರಿಗೂ ಇದೇ ಪ್ರಮಾಣವೆಂದು ತಿಳಿಯುವುದು ತಪ್ಪು. ಸಂಶೋಧಕರೂ ಅದನ್ನು ಸ್ಪಷ್ಟವಾಗಿ ಹೇಳಿದ್ದಾರೆ.

ಈ ಕೊರತೆಯನ್ನು ಬೇರೊಂದು ದಿಕ್ಕಿನಿಂದ ತುಂಬಿದ್ದು ಸ್ಕಾಟ್ಲೆಂಡ್. ಗ್ಲಾಸ್ಗೋದ ವಿಲ್ಲಿ ಸ್ಟೀವರ್ಟ್ ಮತ್ತು ಸಂಗಡಿಗರು 7,676 ಮಂದಿ ಮಾಜಿ ವೃತ್ತಿಪರ ಕಾಲ್ಚೆಂಡಾಟಗಾರರ ಮರಣದ ದಾಖಲೆಗಳನ್ನು 23,028 ಮಂದಿ ಸಾಮಾನ್ಯರ ದಾಖಲೆಗಳೊಡನೆ ಹೋಲಿಸಿ 2019ರಲ್ಲಿ ಪ್ರಕಟಿಸಿದರು. ಇಲ್ಲಿ ದಾನದ ಆಯ್ಕೆಯ ಮಾತಿಲ್ಲ. ಮಿದುಳು ಕ್ಷಯಿಸುವ ರೋಗಗಳಿಂದ ಸಾಯುವ ಸಂಭವ ಆಟಗಾರರಲ್ಲಿ ಮೂರೂವರೆ ಪಟ್ಟು ಹೆಚ್ಚಿತ್ತು. ಹೃದಯರೋಗದಿಂದ ಸಾಯುವ ಸಂಭವ ಕಡಿಮೆಯಿತ್ತು. ಗೋಲಿಯಾಗಿ ನಿಂತವರಲ್ಲಿ ಮಿದುಳುರೋಗದ ಅಪಾಯ ಸಾಮಾನ್ಯರಷ್ಟೇ ಇದ್ದು, ರಕ್ಷಣೆಯ ಸಾಲಿನಲ್ಲಿ ಆಡಿದವರಲ್ಲಿ ಸುಮಾರು ಐದು ಪಟ್ಟಿತ್ತೆಂದು 2021ರ ಮುಂದುವರಿದ ವರದಿ ತಿಳಿಸಿತು. ಚೆಂಡನ್ನು ಕೈಯಿಂದ ಹಿಡಿಯುವವನಿಗೂ ತಲೆಯಿಂದ ತಡೆಯುವವನಿಗೂ ನಡುವಿನ ಅಂತರವಿದು.

ಹೀಗಿದ್ದೂ ಇಂದಿಗೆ ಒಂದು ಮಿತಿ ಉಳಿದಿದೆ. ಬದುಕಿರುವವರಲ್ಲಿ ಈ ರೋಗವನ್ನು ಖಚಿತಪಡಿಸುವ ಪರೀಕ್ಷೆ ಇನ್ನೂ ಬಂದಿಲ್ಲ. 26 ಮಾಜಿ ಆಟಗಾರರ ಮಿದುಳುಗಳನ್ನು ಟೌ ಪತ್ತೆಹಚ್ಚುವ ಪೆಟ್ ಸ್ಕ್ಯಾನಿನಿಂದ ನೋಡಿದ 2019ರ ಅಧ್ಯಯನದಲ್ಲಿ ಗುಂಪಿನ ಮಟ್ಟದಲ್ಲಿ ವ್ಯತ್ಯಾಸ ಕಂಡಿತಾದರೂ ಒಬ್ಬ ವ್ಯಕ್ತಿಯನ್ನು ತೋರಿಸಿ ಹೇಳುವಷ್ಟು ನಿಚ್ಚಳವಿರಲಿಲ್ಲ. 2021ರಲ್ಲಿ ಸಿದ್ಧವಾದ ಮಾನದಂಡಗಳು ಪೆಟ್ಟಿನ ಇತಿಹಾಸ, ನೆನಪಿನ ಕುಂದು, ಸಿಟ್ಟಿನ ಸ್ಫೋಟ, ಕ್ರಮೇಣ ಹೆಚ್ಚುವ ಗತಿ ಇವುಗಳ ಆಧಾರದ ಮೇಲೆ ಸಂಭವವನ್ನಷ್ಟೇ ಅಳೆಯುತ್ತವೆ. ಎಂದರೆ ವೈದ್ಯರು ಮತ್ತೆ ಮನೆಯವರನ್ನೇ ಕೇಳಬೇಕಾಗಿದೆ: ಇವರು ಮೊದಲು ಹೇಗಿದ್ದರು? ಮಾರ್ಟ್‌ಲ್ಯಾಂಡರು ಅಂಕಣದ ಬಳಿ ಕೇಳಿದ ಪ್ರಶ್ನೆಗೂ ಇದಕ್ಕೂ ಬಹಳ ದೂರವಿಲ್ಲ.

ಒಂದು ವಿಷಯದಲ್ಲಿ ಮಾತ್ರ ಸಂಶೋಧನೆ ನಮ್ಮ ಹಳೆಯ ಗ್ರಹಿಕೆಯನ್ನೇ ಬದಲಿಸಿದೆ. ಮೂರ್ಛೆ ತಪ್ಪಿಸುವ ದೊಡ್ಡ ಪೆಟ್ಟು ಮಾತ್ರ ಅಪಾಯಕಾರಿಯೆಂದು ಎಲ್ಲರೂ ನಂಬಿದ್ದೆವು. 631 ಫುಟ್‌ಬಾಲ್ ಆಟಗಾರರ ಮಿದುಳುಗಳನ್ನು ಆಧರಿಸಿದ 2023ರ ಅಧ್ಯಯನದಲ್ಲಿ ರೋಗಕ್ಕೆ ಹೊಂದಿಬಂದುದು ಅಂಥ ದೊಡ್ಡ ಪೆಟ್ಟುಗಳ ಸಂಖ್ಯೆಯಲ್ಲ; ವರ್ಷಾನುಗಟ್ಟಲೆ ಬಿದ್ದ ಎಲ್ಲ ಸಣ್ಣ ದೊಡ್ಡ ಏಟುಗಳ ಒಟ್ಟು ಬಲ. ಮೈಸೂರಿನ ದಸರಾದಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ಬಲ್ಲವರಿಗೆ ಅದರ ಕಟ್ಟಳೆ ನೆನಪಿರಬಹುದು: ತಲೆಯಲ್ಲಿ ರಕ್ತದ ಹನಿ ಕಂಡೊಡನೆ ಕಾಳಗ ನಿಲ್ಲಬೇಕು. ರಕ್ತ ಕಾಣುವ ಏಟಿಗೆ ಹಿರಿಯರು ಎಲ್ಲೆ ಹಾಕಿದರು. ರಕ್ತ ಕಾಣದ, ನೋವೂ ಮರೆತುಹೋಗುವ, ದಿನವೂ ಅಭ್ಯಾಸದಲ್ಲಿ ಬೀಳುವ ಏಟಿಗೆ ಎಲ್ಲೆ ಹಾಕುವುದು ಈ ಕಾಲದ ಕೆಲಸ. ಅದು ತೊಡಗಿದೆ. ಅಮೆರಿಕದಲ್ಲಿ 2015ರಲ್ಲಿ ಹತ್ತು ವರ್ಷ ಮತ್ತು ಅದಕ್ಕಿಂತ ಕೆಳಗಿನ ಮಕ್ಕಳು ಚೆಂಡನ್ನು ತಲೆಯಿಂದ ಹೊಡೆಯುವುದನ್ನು ಕಾಲ್ಚೆಂಡು ಸಂಸ್ಥೆ ನಿಷೇಧಿಸಿತು. 2020ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡುಗಳು ಪ್ರಾಥಮಿಕ ಶಾಲೆಯ ಮಕ್ಕಳ ಅಭ್ಯಾಸದಿಂದ ಅದನ್ನು ತೆಗೆದವು. ಅವಸರದ ಕ್ರಮವಲ್ಲ ಇದು. ಮೂವತ್ತು ವರ್ಷ ತುಂಬುವ ಮೊದಲೇ ತೀರಿಕೊಂಡ 152 ಆಟಗಾರರ ಮಿದುಳುಗಳಲ್ಲಿ 63ರಲ್ಲಿ ಸಿ.ಟಿ.ಇ. ಕಂಡುದನ್ನು ಬೋಸ್ಟನ್ ಕೇಂದ್ರ 2023ರಲ್ಲಿ ವರದಿ ಮಾಡಿದೆ. ಇವೂ ದಾನವಾಗಿ ಬಂದ ಮಿದುಳುಗಳೇ ಎಂಬ ಎಚ್ಚರ ಇಲ್ಲಿಯೂ ಬೇಕು. ಅವರಲ್ಲಿ ಹೆಚ್ಚಿನವರು ಹಣಕ್ಕಾಗಿ ಆಡಿದವರಲ್ಲ.

ಇದು ದೂರದೇಶದ ಕಥೆಯೆಂದು ಪುಟ ತಿರುವುವಂತಿಲ್ಲ. ನಮ್ಮ ಜಿಲ್ಲೆಯ ದಕ್ಷಿಣದ ತೃಕ್ಕರಿಪುರದಿಂದ ಉತ್ತರದ ಗಡಿಯವರೆಗೆ ಕಾಲ್ಚೆಂಡಿನ ಮೈದಾನವಿಲ್ಲದ ಊರು ವಿರಳ. ಮಿದುಳನ್ನು ಕಾಯ್ದಿಟ್ಟು ಓದುವ ವಿದ್ಯೆಯೂ ನಮಗೆ ಸಮೀಪದಲ್ಲೇ ಇದೆ: ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಿಂದ ಮಾನವ ಮಿದುಳಿನ ಅಂಗಾಂಶ ಭಂಡಾರ ನಡೆಯುತ್ತ ಬಂದಿದೆ. ಬಂಧುಗಳು ಒಪ್ಪಿ ಕೊಟ್ಟ ಮಿದುಳುಗಳಿಂದಲೇ ಅಂಥ ಭಂಡಾರ ತುಂಬುವುದು.

ಇನ್ನು ಸಾಕ್ಷಿಯ ಮಾತು. ಕಾಸರಗೋಡಿನ ಗೇರುತೋಟಗಳ ಮೇಲೆ ಎರಡು ದಶಕಕ್ಕೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗ, ಜೇನು ಸತ್ತುದನ್ನು, ಕರುಗಳು ವಿಕಾರವಾಗಿ ಹುಟ್ಟಿದುದನ್ನು, ಮಕ್ಕಳ ಕೈಕಾಲು ಸೊರಗಿದುದನ್ನು ಮೊದಲು ಕಂಡು ಹೇಳಿದವರು ತೋಟದಂಚಿನ ಮನೆಗಳವರು. ಆ ವಿಷಕ್ಕೂ ಈ ರೋಗಕ್ಕೂ ಸಂಬಂಧವಿಲ್ಲ. ಆದರೆ ಸಾಕ್ಷ್ಯ ಸಾಲದೆಂದು ಹಿಂದಕ್ಕೆ ಕಳುಹಿಸಲ್ಪಟ್ಟ ಮಾತಿನ ಭಾರ ನಮಗೆ ಗೊತ್ತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ತಡೆಯುವ ಹೊತ್ತಿಗೆ ಒಂದು ತಲೆಮಾರು ಅದರ ಬೆಲೆ ತೆತ್ತಾಗಿತ್ತು.

ವಿಜ್ಞಾನ ಸಂಶಯಪಡಬೇಕು, ಸಂಶಯವಿಲ್ಲದೆ ಅದು ವಿಜ್ಞಾನವಲ್ಲ. ಸಂಶಯ ಬಗೆಹರಿಯುವವರೆಗೆ ಪೆಟ್ಟು ಯಾರ ಮೇಲೆ ಬೀಳುತ್ತಿರಬೇಕು ಎಂಬುದು ವಿಜ್ಞಾನದ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ. ಮಕ್ಕಳಿಗೆ ಆಟ ಕಲಿಸುವ ಶಿಕ್ಷಕರು, ಪಂದ್ಯ ಏರ್ಪಡಿಸುವ ಯುವಕ ಸಂಘಗಳು ಅದಕ್ಕೆ ಉತ್ತರಿಸಲು ಪ್ರಯೋಗಾಲಯದ ವರದಿಗೆ ಕಾಯಬೇಕಾಗಿಲ್ಲ. ಎಳೆಯರ ಅಭ್ಯಾಸದಿಂದ ತಲೆಹೊಡೆತವನ್ನು ಬಿಡಿಸುವುದಕ್ಕೆ ಖರ್ಚಿಲ್ಲ. ಪೆಟ್ಟು ತಿಂದ ಹುಡುಗನನ್ನು ಅದೇ ದಿನ ಮತ್ತೆ ಕಣಕ್ಕಿಳಿಸದಿರುವುದಕ್ಕೆ ಬೇಕಾದುದು ಸ್ವಲ್ಪ ತಾಳ್ಮೆ. ಅವನ ತಾಯಿ ‘ಮಗ ಮೊದಲಿನಂತಿಲ್ಲ’ ಎಂದಾಗ ಅದನ್ನು ಕೇಳಿಸಿಕೊಳ್ಳುವುದಕ್ಕೆ ಬೇಕಾದುದು ವಿನಯ.